ತಲೆಯ ಮೇಲಿಟ್ಟ ಆಣೆ

ಶ್ರಾವಣದ ಮೋಡಗಳು ಜಯನಗರದ ಮೇಲೆ ಕೈಗೆಟುಕುವಷ್ಟು ಕೆಳಗಿಳಿದಿದ್ದವು. ಬಿಸಿಲೂ ಅಲ್ಲದ, ಮಳೆಯೂ ಅಲ್ಲದ ಬೂದುಬಣ್ಣದ ಬೆಳಕೊಂದು ಅರ್ಧ ಕಟ್ಟಿದ ಮನೆಗಳ ಮೇಲೂ, ಕಲ್ಲು ನೆಟ್ಟು ಗುರುತು ಮಾಡಿದ ನಿವೇಶನಗಳ ಮೇಲೂ, ಅವುಗಳ ನಡುವೆ ಇನ್ನೂ ಸೋಲೊಪ್ಪದೆ ನಿಂತಿದ್ದ ರಾಗಿಹೊಲಗಳ ಮೇಲೂ ಹೇಳಲಾಗದ ವ್ಯಥೆಯಂತೆ ಹರಡಿತ್ತು. ತಿಲಕ್ ನಗರದ ಅಂಚಿನಲ್ಲಿ ದೊಡ್ಡದೊಂದು ಕರಿಬಂಡೆ. ಹೊಸ ರಸ್ತೆಗೆ ಅಡ್ಡವಾಗಿದ್ದ ಅದನ್ನು ಸುಮಾರು ಮೂರು ವಾರಗಳಿಂದ ದಿನವೂ ಮಧ್ಯಾಹ್ನ ಮೂರಕ್ಕೆ ಮದ್ದಿಟ್ಟು ಸಿಡಿಸುತ್ತಿದ್ದರು. ಮೊದಲು ಕೆಂಪು ಬಾವುಟ, ಆಮೇಲೆ ಮೂರು ಸೀಟಿ, ಆಮೇಲೆ ಆ ಸದ್ದು... ಸಹೃದಯರೇ, ಸುತ್ತಲಿನವರಿಗೆ ಅದು ಹೊತ್ತು ತಿಳಿಸುವ ಗಡಿಯಾರ. ಬಂಡೆಯಿಂದ ಇನ್ನೂರು ಗಜ ದೂರದ ಒಂದು ಹೆಂಚಿನ ಮನೆಯಲ್ಲಿ ಮಾತ್ರ, ಎರಡೂವರೆಯಾಗುತ್ತಲೇ ಉಮಾಮಹೇಶ್ವರಿಯ ಅಂಗೈಗಳು ತಣ್ಣಗಾಗುತ್ತಿದ್ದವು.

ಅವಳ ಗಂಡ ಕರಿಬಸವಯ್ಯ ಸೈನ್ಯದ ಇಂಜಿನಿಯರ್ ದಳದಲ್ಲಿದ್ದವನು. ಅರವತ್ತೆರಡರ ಚೀನಾ ಯುದ್ಧ ಮುಗಿದ ಮೇಲೆ ಈಶಾನ್ಯ ಗಡಿಯ ನೇಫಾದ ಹಿಮದಿಂದ ಮೈಮೇಲೆ ಒಂದು ಗಾಯವೂ ಇಲ್ಲದೆ ಮರಳಿದ್ದ. ಬೀದಿಯವರು ಪುಣ್ಯವಂತ ಎಂದರು. ಆದರೆ ಎರಡು ವರ್ಷಗಳಾದರೂ ಅವನೊಳಗಿನ ಹಿಮ ಕರಗಿರಲಿಲ್ಲ. ಬಂಡೆ ಸಿಡಿದಾಗ ಉಮೆ ಕೈಗೆ ಸಿಕ್ಕರೆ ಅವನು ಅವಳನ್ನು ನೆಲಕ್ಕೆ ಕೆಡವಿ, ತನ್ನ ದೇಹವನ್ನೇ ಅವಳಿಗೆ ಗುರಾಣಿಯಾಗಿಸಿ, ಅವಳ ಬಾಯಿ ಮೂಗುಗಳನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದ. “ಉಸಿರಾಡ್ಬೇಡ, ಅವ್ರಿಗೆ ಕೇಳ್ಸುತ್ತೆ” ಎಂದು ಪಿಸುಗುಟ್ಟುತ್ತಿದ್ದ. ಎಂಥ ಪ್ರೇಮ ಅದು, ಎಂಥ ಮೃತ್ಯು! ಹಿಂದಿನ ದಿನ ಅವಳ ಕಣ್ಣು ಕತ್ತಲಿಟ್ಟು ಬಂದ ಮೇಲೆಯೇ ಆ ಕೈ ಸಡಿಲವಾಗಿತ್ತು.

ಯಾರಿಗೂ ಹೇಳುವಂತಿರಲಿಲ್ಲ. ಮೊದಲ ಸಲ ಹಾಗಾದಾಗ ಅವನು ಅವಳ ಬಲಗೈಯನ್ನು ತನ್ನ ನೆತ್ತಿಯ ಮೇಲಿಟ್ಟುಕೊಂಡು ಆಣೆ ಮಾಡಿಸಿಕೊಂಡಿದ್ದ. ಮಾತು ಮುರಿದರೆ ಕೇಡು ಬರುವುದು ಯಾರ ತಲೆಯೋ ಅವರಿಗೆ ಎಂಬುದನ್ನು ತೊಟ್ಟಿಲಿನಿಂದಲೇ ನಂಬಿ ಬೆಳೆದವಳು ಅವಳು. ಜೊತೆಗೆ, ಹುಚ್ಚಾಸ್ಪತ್ರೆಗೆ ಸೇರಿಸಿ ಬೀಗ ಹಾಕಿಬಿಟ್ಟರೆ ಎಂಬ ದಿಗಿಲು. ಅವನಂತೂ ವೈದ್ಯಕೀಯ ಮಂಡಳಿಯ ಮುಂದೆ ಎರಡು ಸಲ ನಿಂತು, ಎರಡು ಸಲವೂ ಎದೆ ಸೆಟೆಸಿ, “ಠೀಕ್ ಹೈ, ಸಾಬ್” ಎಂದು ಬಂದಿದ್ದ. ಮೇಲಧಿಕಾರಿ ಕೇಳಿದಾಗ ಸಿಪಾಯಿಗೆ ಬೇರೆ ಉತ್ತರ ತಿಳಿಯದು.

ಆ ಬುಧವಾರ ಎರಡು ಗಂಟೆಗೆ ಡಾಕ್ಟರ್ ಶಾಮಣ್ಣ ಬಂದರು. ಸೈನ್ಯದಿಂದ ನಿವೃತ್ತರಾದ ಅವರು ಮಾಜಿ ಸೈನಿಕರ ಸಮಿತಿಯೊಂದರ ಪರವಾಗಿ ಮನೆಮನೆಗೆ ಹೋಗಿ ವಿಚಾರಿಸುತ್ತಿದ್ದರು. ಕರಿಬಸವಯ್ಯ ಎದ್ದು ನೆಟ್ಟಗೆ ನಿಂತ.

“ನಿದ್ದೆ ಗಿದ್ದೆ ಚೆನ್ನಾಗಿ ಬರ್ತಿದೆಯೇನಯ್ಯ?”

“ಠೀಕ್ ಹೈ, ಸಾಬ್.”

ಡಾಕ್ಟರು ಬರೆದುಕೊಂಡು ಪುಸ್ತಕ ಮುಚ್ಚಿದರು. ಉಮೆಗೆ ತಟ್ಟನೆ ಹೊಳೆಯಿತು: ತಾನು ಹೇಳಬಾರದು, ಸರಿ, ಅವರೇ ಕಣ್ಣಾರೆ ನೋಡಿದರೆ?

“ಉಪ್ಪಿಟ್ಟು ಮಾಡ್ತೀನಿ ಸಾರ್, ತಿಂದ್ಕೊಂಡೇ ಹೋಗ್ಬೇಕು” ಎಂದಳು.

ರವೆಯನ್ನು ಹುರಿದಳು, ಹುರಿದಳು... ಈರುಳ್ಳಿಯನ್ನು ಎಳೆ ಎಳೆಯಾಗಿ ಹೆಚ್ಚಿದಳು. ಯಾವ ಸದ್ದಿಗೆ ಅವಳ ಒಡಲು ನಡುಗುತ್ತಿತ್ತೋ ಅದೇ ಸದ್ದಿಗಾಗಿ ಅವಳೀಗ ಪ್ರಾಣ ಹಿಡಿದು ಕಾಯುತ್ತಿದ್ದಳು.

“ತಾಯಿ, ಈ ಉಪ್ಪಿಟ್ಟು ಆಗೋಷ್ಟರಲ್ಲಿ ನಂಗೆ ಇನ್ನೊಂದ್ಸಲ ರಿಟೈರ್ಮೆಂಟ್ ಆಗುತ್ತೆ” ಎಂದು ಶಾಮಣ್ಣನವರು ಹಜಾರದಿಂದ ನಕ್ಕರು.

ಕರಿಬಸವಯ್ಯ ನಗಲಿಲ್ಲ. ಅವನ ಕಣ್ಣು ಗಡಿಯಾರದ ಮುಳ್ಳಿನ ಮೇಲೇ ಇತ್ತು. “ಸಾಹೇಬ್ರಿಗೆ ಲೇಟಾಗುತ್ತೆ, ಉಮಾ. ಬಸ್ ಹೋಗ್ಬಿಡುತ್ತೆ” ಎಂದ.

ಮೂರಕ್ಕೆ ಹತ್ತು ನಿಮಿಷವಿರುವಾಗ ಮಳೆ ಸುರಿಯಿತು. ಅಡುಗೆಮನೆಯ ಕಿಟಕಿಯಿಂದ ಉಮೆ ನೋಡಿದಳು: ಬಂಡೆಯ ಮೇಲಿದ್ದವನು ಕೆಂಪು ಬಾವುಟವನ್ನು ಸುತ್ತಿಕೊಂಡು ಕೆಳಗಿಳಿದು ಹೋಗುತ್ತಿದ್ದ. ಮದ್ದು ನೆನೆದಿತ್ತು. ಇವತ್ತು ಬಂಡೆ ಸಿಡಿಯುವುದಿಲ್ಲ...

ಮಳೆ ನಿಂತಿತು. ಡಾಕ್ಟರು ತಟ್ಟೆ ಬರಿದು ಮಾಡಿ ಕೈತೊಳೆದು ಕೊಡೆ ಎತ್ತಿಕೊಂಡರು. ಮತ್ತೆ ಬರುವುದು ಆರು ತಿಂಗಳ ಮೇಲೆ ಎಂದರು. ಆರು ತಿಂಗಳು! ನೂರೆಂಬತ್ತು ಮಧ್ಯಾಹ್ನಗಳು! ಉಮೆ ಬಾಗಿಲಿಗೆ ಅಡ್ಡ ನಿಂತಳು. ಗಂಡನ ನೆತ್ತಿಯನ್ನೊಮ್ಮೆ ನೋಡಿದಳು. ಆ ಕೇಡೆಲ್ಲ ತನಗೇ ಬರಲಿ ಎಂದು ಶಿವನಲ್ಲಿ ಬೇಡಿಕೊಂಡಳು.

“ಇವ್ರು ಹುಷಾರಾಗಿಲ್ಲ, ಸಾರ್. ಬಂಡೆ ಹೊಡೆದಾಗ ನನ್ನ ಉಸಿರು ಕಟ್ಟಿಸ್ತಾರೆ. ಬೇಕು ಅಂತಲ್ಲ. ನನ್ನ ಕಾಯೋಕೆ.”

ಡಾಕ್ಟರು ಕೊಡೆಯನ್ನು ಗೋಡೆಗೆ ಒರಗಿಸಿ ಮತ್ತೆ ಕುಳಿತರು.

“ಎಷ್ಟು ಸಲ ಆಗಿದೆ ತಾಯಿ?”

“ನಾಲ್ಕು.”

“ಹದಿನೇಳು, ಸಾರ್” ಎಂದ ಕರಿಬಸವಯ್ಯ.

ಉಮೆ ಬೆಚ್ಚಿ ತಿರುಗಿದಳು. ಅವನ ಎದೆ ಸೆಟೆದಿರಲಿಲ್ಲ. “ನಾಲ್ಕು ಸಲ ಇವ್ಳು ಕೈಗೆ ಸಿಕ್ಕಿದ್ಲು. ಮಿಕ್ಕ ದಿನ ನಾನೇ ಹಿತ್ತಲಿಗೆ ಓಡ್ಹೋಗಿ ಬಚ್ಚಲ ಬಾಗಿಲು ಹಾಕ್ಕೊಂಡೆ. ನನ್ನ ಕೈ ಮೇಲೆ ನಂಗೇ ಭಯ, ಸಾರ್.”

“ಇದು ಬೀಗ ಹಾಕೋ ಕಾಯಿಲೆ ಅಲ್ಲ ಕಣಯ್ಯ” ಎಂದರು ಶಾಮಣ್ಣನವರು, ಹೊಸ ಹಾಳೆ ತಿರುಗಿಸುತ್ತಾ. “ಇಂಥೋರನ್ನ ಬೇಕಾದಷ್ಟು ನೋಡಿದೀನಿ. ನಾಳೆ ಬೆಳಗ್ಗೆ ಮಿಲಿಟರಿ ಆಸ್ಪತ್ರೆಗೆ ಬಾ. ಮೂರ್ನಾಲ್ಕು ವಾರ ಅಲ್ಲೇ ಇರ್ಬೇಕಾಗುತ್ತೆ. ಪೂರ್ತಿ ವಾಸಿಯಾಗುತ್ತೆ ಅಂತ ಮಾತು ಕೊಡೋಕಾಗಲ್ಲ. ಕಮ್ಮಿ ಆಗುತ್ತೆ.”

“ನಾನೂ ಇರ್ಬೋದಾ?” ಎಂದಳು ಉಮೆ.

“ನೀನು ಇರ್ಲೇಬೇಕು ತಾಯಿ. ಇವನು ಠೀಕ್ ಹೈ ಅಂದಾಗಲೆಲ್ಲ ಸುಳ್ಳು ಅನ್ನೋಕೆ ಯಾರಾದ್ರೂ ಬೇಕಲ್ಲ.”

ಡಾಕ್ಟರು ಹೋದ ಮೇಲೆ ಇಬ್ಬರೂ ಹೊಸ್ತಿಲಲ್ಲಿ ಕುಳಿತರು. ನಾಳಿನ ಭಯ ಹಾಗೆಯೇ ಉಳಿದಿತ್ತು. ಆದರೆ ಭಯಕ್ಕೊಂದು ವಿಚಿತ್ರ ಸ್ವಭಾವವುಂಟು: ಒಬ್ಬರೊಳಗೆ ಅಡಗಿದಾಗ ಅದು ಬಂಡೆ, ಇಬ್ಬರ ನಡುವೆ ಬಂದಾಗ ಬರಿಯ ಭಾರ. ಭಾರವನ್ನು ಹೊತ್ತು ಮನುಷ್ಯರು ಎಷ್ಟು ದೂರವಾದರೂ ನಡೆದಾರು... ಜೊತೆಗೊಬ್ಬರಿದ್ದರೆ.