ಕರೀಂ ಸಾಬರ ಕತ್ತಿಪಟ್ಟಿ

"ಇನ್ನೂ ಎತ್ತಬೇಡಿ" ಎಂದು ರಹಮತುನ್ನೀಸಾ ಪರದೆಯ ಹಿಂದಿನಿಂದ ಹೇಳಿದಾಗ, ಗಂಡ ಕರೀಂ ಸಾಬರ ಶವವಿದ್ದ ಜನಾಜಾಕ್ಕೆ ಹೆಗಲು ಕೊಡಲು ಬಗ್ಗಿದ್ದ ನಾಲ್ವರೂ ಬಗ್ಗಿದ ಹಾಗೆಯೇ ನಿಂತರು. ಅವರಲ್ಲಿ ಒಬ್ಬನಿಗೆ ಮೊದಲೇ ಸೊಂಟನೋವು. ನೆಟ್ಟಗಾಗುವುದೋ ಬೇಡವೋ ತಿಳಿಯದೆ ಅವನು ಪಕ್ಕದವನ ಮುಖ ನೋಡಿದ. ಮೈದುನ ಅಸದುಲ್ಲಾ ಪರದೆಯ ಹತ್ತಿರ ಬಂದು, ಮಧ್ಯಾಹ್ನದ ನಮಾಜಿನ ಹೊತ್ತಾಗುತ್ತಿದೆ, ಮಸೀದಿಯಲ್ಲಿ ಜನ ಕಾಯುತ್ತಿದ್ದಾರೆ, ಇನ್ನೇನು ಬಾಕಿ ಎಂದು ಮೆಲ್ಲಗೆ ಕೇಳಿದ.

ಬಾಕಿ ಇದ್ದದ್ದು ಒಂದೇ ಬಾಯಿಯ ಒಂದೇ ಮಾತು. ಜನಾಜಾ ಎತ್ತುವ ಮುಂಚೆ ಮನೆಯ ಹಿರಿಯನೊಬ್ಬ ನಿಂತು, ಹೋದವರಿಂದ ಯಾರಿಗಾದರೂ ನೋವಾಗಿದ್ದರೆ ಮಾಫ್ ಮಾಡಿ ಎಂದು ಕೇಳುವುದು, ನೆರೆದವರು "ಮಾಫ್" ಎನ್ನುವುದು ವಾಡಿಕೆ. ಅಸದುಲ್ಲಾ ಕೇಳಿದ್ದ, ಶಿಡ್ಲಘಟ್ಟದ ಅರ್ಧ ಪೇಟೆ ಒಟ್ಟಿಗೆ ಅಂದಿತ್ತು. ಆದರೆ ಅನ್ನಲೇಬೇಕಾದವನು ಇನ್ನೂ ಬಂದಿರಲಿಲ್ಲ. ಅವನು ನಾಟಕಗಳಲ್ಲಿ ರಾಜಪಾರ್ಟು ಮಾಡುವ ಮುನಿಗಂಗಪ್ಪ. ಕರೀಂ ಸಾಬರೊಂದಿಗೆ ಎಂಟು ವರ್ಷದಿಂದ ಮುಖ ಕೊಟ್ಟು ಮಾತಾಡದವನು. ಅವನೊಬ್ಬ ಮನಸ್ಸಿನಲ್ಲಿ ಇಟ್ಟುಕೊಂಡರೂ ಸಾಕು, ತನ್ನ ಗಂಡ ಆ ಭಾರ ಹೊತ್ತುಕೊಂಡೇ ದೇವರ ಮುಂದೆ ನಿಲ್ಲಬೇಕಾಗುತ್ತದೆ ಎಂದು ರಹಮತುನ್ನೀಸಾಗೆ ದಿಗಿಲು. ಹಾರ್ಮೋನಿಯಂ ಮೇಷ್ಟ್ರು ಆವುಲಪ್ಪನವರು ಬೆಳಿಗ್ಗೆಯೇ ಅವನನ್ನು ಕರೆತರಲು ಸೈಕಲ್ ಹತ್ತಿ ಹೋಗಿದ್ದರು.

ಬರದೆ ಹೋದರೆ ಏನು ಮಾಡುವುದು ಎಂದು ಅಸದುಲ್ಲಾ ಕೇಳಿದ. ಬಂದೇ ಬರುತ್ತಾರೆ, ಈ ಜಗಳ ಬಿಟ್ಟು ಅವರೆಲ್ಲಿಗೆ ಹೋಗುತ್ತಾರೆ ಎಂದಳು ಅತ್ತಿಗೆ. ಬಗ್ಗಿದ್ದ ನಾಲ್ವರೂ ಉಸಿರು ಬಿಟ್ಟು ನೆಟ್ಟಗಾದರು.

*

ಮೊದಮೊದಲು ಕರೀಂ ಸಾಬರಿಗೂ ಕತ್ತಿಗೂ ಯಾವ ನಂಟೂ ಇರಲಿಲ್ಲ. ಜಟಕಾ ಕುದುರೆಗಳಿಗೆ ಲಗಾಮು, ಎದೆಪಟ್ಟಿ ಹೊಲಿದುಕೊಂಡು ಸುಖವಾಗಿದ್ದರು. ಐವತ್ತೊಂದರಲ್ಲಿ, ಸುಗ್ಗಿ ಮುಗಿದ ಮೇಲೆ ಒಂದು ದಿನ ಮುನಿಗಂಗಪ್ಪ ಅಂಗಡಿಗೆ ನುಗ್ಗಿದ. ಹಿಂದಿನ ದಿನದ ನಾಟಕದಲ್ಲಿ ಅವನು ತನ್ನ ಅತ್ತಿಗೆಯ ಹಳೆ ಸೀರೆಯ ಅಂಚಿನಿಂದ ಕತ್ತಿ ಬಿಗಿದುಕೊಂಡಿದ್ದನಂತೆ. ಯುದ್ಧದ ಕುಣಿತದಲ್ಲಿ ಅಂಚು ಬಿಚ್ಚಿ ಕತ್ತಿ ಹಾರಿಹೋಗಿ ತಬಲದ ಮೇಲೆ ಬಿದ್ದಿತ್ತು. ತಬಲ ಹರಿದುಹೋಯಿತು. ತಬಲದವನು ರಂಗದ ಮೇಲೆ ಹತ್ತಿ ರಾಜನನ್ನು ಅಟ್ಟಿಸಿಕೊಂಡು ಹೋದದ್ದನ್ನು ಜನ ನಾಟಕದ ಭಾಗವೆಂದೇ ತಿಳಿದು ಇನ್ನೊಮ್ಮೆ ಆಗಲಿ ಎಂದು ಕೂಗಿದ್ದರು.

"ಕುದುರೆ ಎಷ್ಟು ಓಡಿದ್ರೂ ನಿಮ್ಮ ಪಟ್ಟಿ ಜಾರಲ್ಲ ಸಾಬ್ರೇ. ನನಗೂ ಅಂಥದ್ದೊಂದು ಹೊಲ್ಕೊಡಿ" ಎಂದ.

ಹಿಂದಿನ ಕಾಲದವರು ಕತ್ತಿಯನ್ನು ಹೇಗೆ ಕಟ್ಟಿಕೊಳ್ಳುತ್ತಿದ್ದರು ಎಂದು ಸಾಬರು ಕೇಳಿದರು. ಹತ್ತು ನಾಟಕ ಬಾಯಿಪಾಠವಿದ್ದ ಮುನಿಗಂಗಪ್ಪನಿಗೆ ಅದು ಗೊತ್ತಿರಲಿಲ್ಲ. ಆದರೆ ಅವನ ಊರಿನ ಕೆರೆ ಏರಿಯ ಮೇಲೆ ಒಂದು ವೀರಗಲ್ಲಿತ್ತು. ಯಾವ ಕಾಲದ ವೀರನೋ, ಯಾರ ದನ ಬಿಡಿಸಲು ಹೋಗಿ ಸತ್ತನೋ, ಮುಖವೆಲ್ಲ ಸವೆದುಹೋಗಿ ಸೊಂಟ ಮಾತ್ರ ಚೆನ್ನಾಗಿ ಉಳಿದಿತ್ತು. ಸಾಬರು ಆಡಿನ ತೊಗಲನ್ನು ನೀರಲ್ಲಿ ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ಮುನಿಗಂಗಪ್ಪನ ಗಾಡಿಯಲ್ಲಿ ಅಲ್ಲಿಗೆ ಹೋದರು. ತೊಗಲನ್ನು ವೀರನ ಸೊಂಟಕ್ಕೆ ಹೊದಿಸಿ, ಮರದ ಕೊಡತಿಯಿಂದ ಮೆತ್ತಗೆ ತಟ್ಟಿ ತಟ್ಟಿ ಕೂರಿಸಿ, ಹಗ್ಗ ಬಿಗಿದು ಬಿಸಿಲಿಗೆ ಬಿಟ್ಟರು. ಸಾಬರು ಏನೋ ಹರಕೆ ತೀರಿಸುತ್ತಿದ್ದಾರೆಂದು ತಿಳಿದ ಅಜ್ಜಿಯೊಬ್ಬಳು ಬಂದು ಆ ತೊಗಲಿಗೇ ಅರಿಸಿನ ಕುಂಕುಮ ಇಟ್ಟು ಕೈ ಮುಗಿದು ಹೋದಳು.

ಸಂಜೆಗೆ ಒಣಗಿದ ತೊಗಲನ್ನು ಬಿಡಿಸಿದಾಗ ಆ ವೀರನ ಪಟ್ಟಿ ಅದರೊಳಗೆ ಮೂಡಿತ್ತು. ಓರೆಯಾಗಿ ಇಳಿದ ಎರಡು ವಾರು, ನಡುವೆ ಒಂದು ಬಳೆ, ಉದ್ದಕ್ಕೂ ಪುಟ್ಟ ಪುಟ್ಟ ಹೂಗಳು. ರಹಮತುನ್ನೀಸಾ ಆ ಹೂಗಳ ಮೇಲೆ ಬೆರಳಾಡಿಸಿ ನೋಡಿದಳು. ಅಂದಿನಿಂದ ಪಟ್ಟಿಯ ಮೇಲೆ ಹೂ ಕೊರೆಯುವುದು ಅವಳದೇ ಕೆಲಸವಾಯಿತು. ಆದರೆ ಮೊಹರಿನ ಅಕ್ಷರ ತಿರುಗಿ ಬೀಳುವ ಹಾಗೆ ಅಚ್ಚು ಎಡಬಲ ಮಗುಚಿಕೊಂಡು ಬಂದಿತ್ತು. ಕಲ್ಲಿನ ವೀರ ಎಡಸೊಂಟಕ್ಕೆ ಕಟ್ಟಿದ್ದ ಕತ್ತಿ ತೊಗಲಿನಲ್ಲಿ ಬಲಸೊಂಟಕ್ಕೆ ಹೋಗಿತ್ತು. ಅದು ಆ ದಿನ ಯಾರ ಕಣ್ಣಿಗೂ ಬೀಳಲಿಲ್ಲ.

ಆ ಅಚ್ಚು ನೋಡಿಕೊಂಡು ಸಾಬರು ಹೊಲಿದ ಪಟ್ಟಿ ಜಾರಲಿಲ್ಲ. ಕತ್ತಿ ಬಲಕ್ಕಿದ್ದುದರಿಂದ ಮುನಿಗಂಗಪ್ಪ ಎಡಗೈಯಿಂದ ಹಿರಿಯುವುದನ್ನು ಕಲಿತ. ಹಿಂದಿನ ರಾಜರ ಗತ್ತೇ ಇದು ಎಂದು ಜನ ತಲೆದೂಗಿದರು. ಚಿಂತಾಮಣಿಯವರು ಬಂದು ನಮಗೂ ಬೇಕೆಂದರು, ಆಮೇಲೆ ಗೌರಿಬಿದನೂರಿನವರು, ಚಿಕ್ಕಬಳ್ಳಾಪುರದವರು. ನಾಲ್ಕೈದು ವರ್ಷದಲ್ಲಿ ಆ ಸೀಮೆಯ ರಾಜರು, ಮಂತ್ರಿಗಳು, ಸೇನಾಪತಿಗಳು ಎಲ್ಲರೂ ಎಡಚರಾಗಿಬಿಟ್ಟರು.

*

ಈಗ ಆ ರಾಜರಲ್ಲಿ ಅನೇಕರು ಬೀದಿಯ ಎರಡೂ ಕಡೆಯ ಜಗಲಿಗಳ ಮೇಲೆ ಪಂಚೆ ಮಡಿಸಿಕೊಂಡು ಕೂತಿದ್ದರು. ಕಾಯುವ ಹೊತ್ತಿಗೆ ಮಾತು ಬೇಕಲ್ಲ, ತಂತಮ್ಮ ಪಟ್ಟಿಯ ಕತೆ ತೆಗೆದರು. ಚಿಂತಾಮಣಿಯ ಬಯ್ಯಪ್ಪ ತನ್ನ ಪಟ್ಟಿ ಬಾವಿಗೆ ಬಿದ್ದ ಬಿಂದಿಗೆಯನ್ನು ಎತ್ತಿದ ಪಟ್ಟಿ ಎಂದ. ಇನ್ನೊಬ್ಬ ತಾನು ಅದೇ ಪಟ್ಟಿಯಿಂದ ಎಮ್ಮೆ ಕಟ್ಟಿದ್ದುಂಟು, ಎಮ್ಮೆಗೂ ಅವತ್ತು ರಾಜಗಾಂಭೀರ್ಯ ಬಂದಿತ್ತು ಎಂದ. ಒಳಗೆ ಹೆಂಗಸರಿಗೆ ಎಲ್ಲ ಕೇಳುತ್ತಿತ್ತು. ಅಸದುಲ್ಲಾನ ಹೆಂಡತಿ ವಜೀರುನ್ನೀಸಾ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಾಳೆಂದು ಎಲ್ಲರೂ ತಿಳಿದಿದ್ದರು. ಹತ್ತಿರ ಕೂತಿದ್ದ ರಹಮತುನ್ನೀಸಾಗೆ ಮಾತ್ರ ಅದು ನಗು ಎಂದು ಗೊತ್ತಿತ್ತು.

ಅವಳಿಗೂ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಅವರಿದ್ದಿದ್ದರೆ ಎಮ್ಮೆ ಕಟ್ಟಿದವನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

*

ಜಗಳ ಹುಟ್ಟಿದ್ದು ಚಿಕ್ಕಬಳ್ಳಾಪುರದ ನಾಟಕ ಸ್ಪರ್ಧೆಯಲ್ಲಿ. ಮುನಿಗಂಗಪ್ಪ ಎಡಗೈಯಲ್ಲಿ ಕತ್ತಿ ಹಿರಿದು ನಿಂತಾಗ ಎಲ್ಲಿಂದಲೋ ಬಂದಿದ್ದ ತೀರ್ಪುಗಾರರೊಬ್ಬರು, ಈ ಕಡೆಯ ರಾಜವಂಶಕ್ಕೆಲ್ಲ ಬಲಗೈ ನೋವೇ ಎಂದು ಮೈಕಿನಲ್ಲೇ ಕೇಳಿಬಿಟ್ಟರು. ಚಪ್ಪರ ಹಾರಿಹೋಗುವಷ್ಟು ನಗೆ. ಮರುದಿನ ಮುನಿಗಂಗಪ್ಪ ಕೆರೆ ಏರಿಗೆ ಹೋಗಿ ವೀರಗಲ್ಲನ್ನು ಮೊದಲ ಸಲ ಗಮನಕೊಟ್ಟು ನೋಡಿದ. ಅಲ್ಲಿಂದ ನೇರ ಅಂಗಡಿಗೆ ಬಂದು, ವೀರನ ಕತ್ತಿ ಇರುವುದು ಎಡಸೊಂಟಕ್ಕೆ, ನೀವು ಹೊಲಿದದ್ದು ಬಲಕ್ಕೆ ಎಂದ.

ಸಾಬರು ಒಪ್ಪಲಿಲ್ಲ. ಬಂದು ನೋಡಿ ಎಂದರೆ ಹೋಗಲೂ ಇಲ್ಲ. "ಕಲ್ಲು ಮಳೆಗೆ ಸವೆದೈತೆ. ನನ್ನ ತೊಗಲು ಸವೆದಿಲ್ಲ" ಎಂದರು. ತಪ್ಪಾಯಿತು ಎನ್ನುವ ತನಕ ನಿಮ್ಮ ಹೊಸಿಲು ತುಳಿಯುವುದಿಲ್ಲ ಎಂದು ಮುನಿಗಂಗಪ್ಪ ಆಣೆ ಇಟ್ಟ. ಹಾಗಾದರೆ ಹೊಸಿಲಿನ ಆಯಸ್ಸು ಹೆಚ್ಚಿತು ಎಂದರು ಸಾಬರು.

ಹಾಗಂತ ಅವನು ಪಟ್ಟಿ ಬಿಚ್ಚಿದನೇ? ಇಲ್ಲ. ಬೇರೆ ಪಟ್ಟಿ ಜಾರುತ್ತದೆ ಎಂದು ಅದನ್ನೇ ಕಟ್ಟಿದ, ಎಡಗೈಯಿಂದಲೇ ಹಿರಿದ. ಪ್ರತಿ ಸಂತೆಯ ದಿನ ಬಂದು, ಮನೆಗೆ ಅಂಟಿಕೊಂಡಿದ್ದ ಅಂಗಡಿಯ ಎದುರಿನ ಟೀ ಹೋಟೆಲಿನ ಬೆಂಚಿನ ಮೇಲೆ ಕೂತು, ಆವುಲಪ್ಪನವರ ಕೈಲಿ ಒಂದು ಬೈಗುಳ ಹೇಳಿ ಕಳಿಸುತ್ತಿದ್ದ. ಆವುಲಪ್ಪನವರು ಬೀದಿ ದಾಟಿ ಅದನ್ನು ಒಪ್ಪಿಸಿ, ಇನ್ನೊಂದನ್ನು ಹೊತ್ತುಕೊಂಡು ವಾಪಸು ಹೋಗುತ್ತಿದ್ದರು. ಬರೀ ಹತ್ತು ಮಾರು ದೂರ, ಇವರ ಮಾತು ಅವರಿಗೂ ಅವರ ಮಾತು ಇವರಿಗೂ ಚೆನ್ನಾಗಿ ಕೇಳುತ್ತಿತ್ತು. ಆದರೂ ಮಾತು ಆವುಲಪ್ಪನವರ ಬಾಯಿಂದಲೇ ಬರಬೇಕು. ಒಂದು ಸಂತೆಗೆ ಮುನಿಗಂಗಪ್ಪ ಬಾರದಿದ್ದರೆ ಸಾಬರಿಗೆ ಊಟ ಸೇರುತ್ತಿರಲಿಲ್ಲ. ಬಾಗಿಲಿಗೆ ಬಂದು ಬಂದು ನೋಡುತ್ತಿದ್ದುದನ್ನು ರಹಮತುನ್ನೀಸಾ ಕಂಡೂ ಕಾಣದ ಹಾಗಿರುತ್ತಿದ್ದಳು.

ಮಲಗಿದ ಮೇಲೆ ಒಂದು ದಿನ ಅವಳೇ ಆ ಮಾತೆತ್ತಿದಳು. ನಾನು ತಪ್ಪು ಮಾಡಿಲ್ಲ, ಆದ್ದರಿಂದ ಮಾಫ್ ಕೇಳುವುದಿಲ್ಲ ಎಂದರು ಸಾಬರು. ಗೋಡೆಯ ಕಡೆ ತಿರುಗಿ ಮಲಗಿ, ಅವನಾಗಿಯೇ ಮಾಫ್ ಮಾಡಿದರೆ ಬೇಡ ಅನ್ನುವುದಿಲ್ಲ ಎಂದರು.

*

ಬೀದಿಯ ತುದಿಯಲ್ಲಿ ಸೈಕಲ್ ಗಂಟೆ ಕೇಳಿಸಿತು. ಆವುಲಪ್ಪನವರು ಏದುಸಿರು ಬಿಡುತ್ತಾ ತುಳಿಯುತ್ತಿದ್ದರು. ಹಿಂದಿನ ಕ್ಯಾರಿಯರಿನ ಮೇಲೆ ಮುನಿಗಂಗಪ್ಪ ರಥದಲ್ಲಿ ಕೂತವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಇಳಿದವನು ಅಭ್ಯಾಸಬಲದಿಂದ ಟೀ ಹೋಟೆಲಿನ ಕಡೆಗೇ ನಡೆದು, ಬೆಂಚಿನ ಹತ್ತಿರ ನಿಂತ. ಅವನ ಆಣೆ ಮುರಿಯದಿರಲಿ ಎಂದೇ ರಹಮತುನ್ನೀಸಾ ಜನಾಜಾವನ್ನು ಹೊಸಿಲು ದಾಟಿಸಿ ಬೀದಿಯಲ್ಲಿ ಇಡಿಸಿದ್ದಳು. ಆದರೂ ಅವನು ದಾಟಿ ಬರಲಿಲ್ಲ.

ಅಸದುಲ್ಲಾ ಮತ್ತೊಮ್ಮೆ ಮಾಫ್ ಕೇಳಿದ. ಮುನಿಗಂಗಪ್ಪ ಆವುಲಪ್ಪನವರ ಕಿವಿಯಲ್ಲಿ ಏನೋ ಹೇಳಿದ. ಅವರು ಬೀದಿ ದಾಟಿ ಬಂದು ಪರದೆಯ ಮುಂದೆ ನಿಂತು, ತಪ್ಪು ಮಾಡಿದವರೇ ಕೇಳಬೇಕಂತೆ ಎಂದು ತಲೆ ತಗ್ಗಿಸಿದರು. ಅವರು ಕೇಳುವ ಸ್ಥಿತಿಯಲ್ಲಿ ಇಲ್ಲವಲ್ಲ ಎಂದು ರಹಮತುನ್ನೀಸಾ ಹೇಳಿ ಕಳಿಸಿದಳು. ಮೇಷ್ಟ್ರು ಹೋದರು, ಬಂದರು. ಹಾಗಾದರೆ ಕಾಯುತ್ತಾನಂತೆ ಎಂದರು. ಜಗಲಿಯ ಮೇಲಿದ್ದ ರಾಜರೆಲ್ಲ ನೆಲ ನೋಡತೊಡಗಿದರು. ನಮಾಜಿಗೆ ಕರೆಯುವ ಮಸೀದಿಯ ಬಾಂಗ್ ಶುರುವಾಯಿತು.

ಇನ್ನು ಮೇಷ್ಟ್ರನ್ನು ನಂಬಿ ಕೂರುವ ಹೊತ್ತಲ್ಲ. ರಹಮತುನ್ನೀಸಾ ಬಾಂಗ್ ಮುಗಿಯುವವರೆಗೆ ತಡೆದು, ಎದ್ದು ಬಾಗಿಲ ತನಕ ಬಂದು ಪರದೆಯ ಒಳಗಿನಿಂದಲೇ ಕೇಳಿದಳು.

"ಗಂಗಣ್ಣ, ಅವರ ಮೇಲೆ ಅಷ್ಟೊಂದು ಕೋಪ ಐತಾ ನಿಮಗೆ?"

ಎಂಟು ವರ್ಷದಲ್ಲಿ ಆ ಬೀದಿಯನ್ನು ನೇರವಾಗಿ ದಾಟಿದ ಮೊದಲ ಮಾತು ಅದು. ಮುನಿಗಂಗಪ್ಪ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಕೈಯಲ್ಲಿ ಹಿಡಿದ. ಒಂದೊಂದೇ ಹೆಜ್ಜೆ ಇಡುತ್ತಾ ಬಂದು ಜನಾಜಾದ ಹತ್ತಿರ ನಿಂತ. ಅವನ ದನಿ ಪರದೆಯ ತನಕ ಮಾತ್ರ ಮುಟ್ಟುವಷ್ಟು ಮೆಲ್ಲಗಿತ್ತು.

"ಕೋಪ ಎಲ್ಲೈತೆ ಬೀಬಮ್ಮ. ಮಾಫ್ ಅಂದ್ಬಿಟ್ರೆ ಜಗಳ ಮುಗ್ದೋಯ್ತದೆ. ಆಮೇಲೆ ಸಂತೆ ದಿನ ನಾನ್ಯಾಕೆ ಪೇಟೆಗೆ ಬರ್ಲಿ, ಯಾರ ಎದುರಿಗೆ ಕೂತ್ಕೊಳ್ಲಿ?"

ಬೆಳಗಿನಿಂದ ಬಂದವರೆಲ್ಲ ರಹಮತುನ್ನೀಸಾಗೆ ಸಮಾಧಾನ ಹೇಳಿದ್ದರು, ದೇವರ ಇಚ್ಛೆ ಎಂದಿದ್ದರು, ಧೈರ್ಯವಾಗಿರು ಎಂದಿದ್ದರು. ನನಗೂ ಇನ್ನು ಯಾರೂ ಇಲ್ಲ ಎಂದು ಹೇಳಿದವನು ಇವನೊಬ್ಬನೇ. ಪರದೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವಳು ದನಿ ಗಟ್ಟಿ ಮಾಡಿಕೊಂಡಳು.

"ಜಗಳ ಮುಗಿಯೋದು ಬೇಡ ಗಂಗಣ್ಣ. ಅವರನ್ನ ಬಿಟ್ಬಿಡಿ, ಜಗಳ ನನಗೆ ಕೊಡಿ. ಆ ಪಟ್ಟಿ ಮೇಲಿನ ಹೂವೆಲ್ಲ ಕೊರೆದೋಳು ನಾನು, ನನಗೂ ಅದರಲ್ಲಿ ಹಕ್ಕೈತೆ. ಸಂತೆ ದಿನ ಬಂದು ಅಲ್ಲೇ ಕೂತ್ಕೊಳ್ಳಿ. ಮೇಷ್ಟ್ರ ಕೈಲಿ ಉತ್ತರ ನಾನು ಕಳಿಸ್ತೀನಿ."

ಅತ್ತಿಗೆಯನ್ನು ಒಳಗೆ ಹೋಗು ಎನ್ನಲು ಬಾಯಿ ತೆರೆದಿದ್ದ ಅಸದುಲ್ಲಾ ಹಾಗೆಯೇ ಮುಚ್ಚಿಕೊಂಡ. ಇನ್ನೂ ಎಷ್ಟು ವರ್ಷ ಈ ಬೀದಿ ದಾಟಬೇಕೋ ಎಂದು ಆವುಲಪ್ಪನವರು ಸೈಕಲಿಗೆ ಒರಗಿದರು.

ಮುನಿಗಂಗಪ್ಪ ವಲ್ಲಿಯಿಂದ ಮುಖ ಒರೆಸಿಕೊಂಡ. ಎದೆ ತುಂಬ ಉಸಿರು ತೆಗೆದುಕೊಂಡ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನಲ್ಲಿ ನಿದ್ದೆ ಹೋದವರನ್ನು ಎಬ್ಬಿಸುತ್ತಿದ್ದ ಕಂಠ ಅದು.

"ಮಾಫ್!"

ಟೀ ಹೋಟೆಲಿನ ಒಳಗೆ ಯಾರದೋ ಕೈಯಿಂದ ಲೋಟ ಜಾರಿತು. ಜಗಲಿಯ ಮೇಲಿದ್ದ ರಾಜರು ಬೆಚ್ಚಿ ಎದ್ದು ನಿಂತರು. ವಜೀರುನ್ನೀಸಾ ಈ ಸಲ ನಗುವನ್ನು ಅಳುವಿನಂತೆ ಕಾಣಿಸುವ ಪ್ರಯತ್ನವನ್ನೂ ಮಾಡಲಿಲ್ಲ. ರಹಮತುನ್ನೀಸಾ ಬಾಗಿಲ ಚೌಕಟ್ಟಿಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಇನ್ನು ಎತ್ತಬಹುದು ಎಂದಳು.

ಮುಂದಿನ ಹೆಗಲು ಮುನಿಗಂಗಪ್ಪನೇ ಕೊಟ್ಟ. ಸೊಂಟನೋವಿನವನು ಸಂತೋಷದಿಂದ ಜಾಗ ಬಿಟ್ಟ. ಜನಾಜಾ ಜನರ ತಲೆಗಳ ಮೇಲೆ ಹಗುರವಾಗಿ ಸಾಗಿತು, ಒಬ್ಬರ ಹೆಗಲಿಂದ ಒಬ್ಬರ ಹೆಗಲಿಗೆ ದಾಟುತ್ತಾ ಮಸೀದಿಯ ತಿರುವು ಮುಟ್ಟಿತು. ಅಲ್ಲಿ ಬಯ್ಯಪ್ಪನಿಗೆ ಹೆಗಲು ಬಿಟ್ಟುಕೊಟ್ಟ ಮುನಿಗಂಗಪ್ಪ ಒಂದು ಗಳಿಗೆ ಹಿಂದೆ ಉಳಿದು, ಮನೆಯ ಕಡೆ ತಿರುಗಿ ನಿಂತು, ತನ್ನ ಎಡಸೊಂಟವನ್ನು ತಟ್ಟಿ ತೋರಿಸಿದ.

ರಹಮತುನ್ನೀಸಾ ಬಳೆ ತೆಗೆದ ಬರಿಗೈಯಿಂದ ಪರದೆಯನ್ನು ಗೇಣಗಲ ಸರಿಸಿ, ಅವನಿಗೆ ಕಾಣುವ ಹಾಗೆ ನಿಂತು, ತನ್ನ ಬಲಸೊಂಟವನ್ನು ಎರಡು ಸಲ ತಟ್ಟಿದಳು.