ಅಪ್ಪನ ಕೋವಿಯ ಖಾಲಿ ತೋಟಾಗಳು

ಅಪ್ಪ ಸತ್ತಂದಿನಿಂದ ಹಟ ಹಿಡಿದು ಕೂತಿದ್ದ ನೇಡೀನ್, ಅಮೆರಿಕದ ಮಾಂಟಾನಾದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆ ಶುರುವಾಗುವ ಹಿಂದಿನ ವಾರ ಕೊನೆಗೂ ಸೋತಳು. ಖಾಲಿ ಹಿತ್ತಾಳೆ ತೋಟಾಗಳ ಡಬ್ಬಿಯನ್ನು ಪಿಕಪ್ಪಿನ ಸೀಟಿನ ಮೇಲಿಟ್ಟುಕೊಂಡು ತಮ್ಮ ರಸೆಲ್‌ನ ಮನೆಗೆ ಹೊರಟಳು.

ಗಂಡುಮಗನಿಗೆ ಕೋವಿ, ಹೆಣ್ಣುಮಗಳಿಗೆ ಪಿಂಗಾಣಿ ತಟ್ಟೆ. ಆ ಕಣಿವೆಯಲ್ಲಿ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಅಪ್ಪ ಎಮೆಟ್ ತಟ್ಟೆಗಳ ಜೊತೆ ಈ ಡಬ್ಬಿಯನ್ನೂ ಮಗಳಿಗೇ ಬಿಟ್ಟಿದ್ದ. ಡಬ್ಬಿ ಇಲ್ಲದೆ ಕೋವಿ ಬರೀ ದೊಣ್ಣೆ. ಗುಂಡು ಕೂರುವ ಜಾಗವನ್ನು ಎಮೆಟ್ ತನಗೆ ತೋಚಿದ ಅಳತೆಗೆ ಕೊರೆದುಕೊಂಡಿದ್ದರಿಂದ ಅಂಗಡಿಯ ಗುಂಡು ಅದಕ್ಕೆ ಹೊಂದುತ್ತಿರಲಿಲ್ಲ. ಅಂಗಡಿಯ ಖಾಲಿ ತೋಟಾಕ್ಕೆ ತುಸು ಸಿಡಿಮದ್ದು, ಮೇಲೆ ಮೆಕ್ಕೆಜೋಳದ ಹಿಟ್ಟು ತುಂಬಿ ಅದೇ ಕೋವಿಯಲ್ಲಿ ಒಮ್ಮೆ ಹಾರಿಸಬೇಕು. ಆಗ ಹಿತ್ತಾಳೆ ಉಬ್ಬಿ ಆ ಜಾಗದ ಆಕಾರಕ್ಕೆ ಬರುತ್ತದೆ. ನಿಜವಾದ ಗುಂಡು ತುಂಬುವುದು ಆಮೇಲೆ. ಡಬ್ಬಿಯಲ್ಲಿದ್ದದ್ದು ಹೀಗೆ ಉಬ್ಬಿಸಿಟ್ಟ ತೋಟಾಗಳು.

ಅಪ್ಪನಿದ್ದಾಗ ಹಾಗೆ ಹಾರಿಸುವುದು ನೇಡೀನ್ ಪಾಲಿನ ಕೆಲಸವಾಗಿತ್ತು. ಬೇಸಿಗೆಯಿಡೀ ಕೊಟ್ಟಿಗೆಯ ಹಿಂದಿನ ಮಣ್ಣದಿಬ್ಬಕ್ಕೆ ಹಿಟ್ಟು ಹೊಡೆದು ಹೊಡೆದು ಅವಳ ತಲೆಗೂದಲಿಗೆಲ್ಲ ಸೀದ ರೊಟ್ಟಿಯ ವಾಸನೆ. ಬೇಟೆಯ ದಿನ ಬಂತೆಂದರೆ ಅಪ್ಪ ರಸೆಲ್‌ನನ್ನು ಕರೆದುಕೊಂಡು ಬೆಟ್ಟ ಹತ್ತುತ್ತಿದ್ದ. ಹಿಟ್ಟಿಗೆ ಮಗಳು, ಮಾಂಸಕ್ಕೆ ಮಗ! ಆ ಕೋವಿಯಲ್ಲಿ, ತನ್ನ ಕೈಯಾರೆ ಅರಳಿಸಿದ ತೋಟಾದಿಂದ ಒಂದೇ ಒಂದು ನಿಜವಾದ ಗುಂಡು ಹೊಡೆಯಬೇಕೆಂಬ ಆಸೆ ಅವಳಲ್ಲಿ ಹಾಗೇ ಉಳಿದಿತ್ತು. ರಸೆಲ್ ಡಬ್ಬಿ ಕೇಳಿದಾಗಲೆಲ್ಲ, "ಕೋವಿ ತಗೊಂಡು ಬಾ, ಮಾತಾಡೋಣ" ಎಂದು ಫೋನ್ ಕುಕ್ಕುತ್ತಿದ್ದಳು. ಅವನು ಬರಲಿಲ್ಲ, ಇವಳು ಕೊಡಲಿಲ್ಲ.

ಡಬ್ಬಿ ನೋಡಿ ರಸೆಲ್ ಮುಖ ಪೆಚ್ಚಾಯಿತು.

"ಈಗ ತಂದ್ಯಾ ಅಕ್ಕ?"

"ಇಟ್ಕೊ ಮಾರಾಯ. ಒಂದೇ ಒಂದು ಗುಂಡು ನಂಗೆ ಹೊಡೆಯೋಕೆ ಬಿಡು, ಸಾಕು."

ಅವನು ಒಳಗಿನಿಂದ ಕೋವಿ ತಂದುಕೊಟ್ಟ. ನೇಡೀನ್ ಅಭ್ಯಾಸಬಲದಿಂದ ಒಂದು ಖಾಲಿ ತೋಟಾ ಒಳಗೆ ತಳ್ಳಿದಳು. ಬಿಗಿಯಾಗಿ ಕೂರಬೇಕಾದದ್ದು ಒಳಗೆ ಲೊಟಲೊಟ ಅಂದಿತು.

"ಏನೋ ಮಾಡಿದೆ ಇದಕ್ಕೆ?"

"ಹೋದ ತಿಂಗಳು ಗುಂಡಿನ ಜಾಗ ಇನ್ನೂ ದೊಡ್ಡದಾಗಿ ಕೊರೆಸಿದೆ. ಈಗ ಅಂಗಡೀಲಿ ಸಿಗೋ ದೊಡ್ಡ ಗುಂಡು ಹಿಡಿಯುತ್ತೆ."

"ಅಪ್ಪನ ಕೈಕೆಲಸ ಕಣೋ ಅದು!"

"ಹಲ್ಲು ಗಿಂಜಿ ಕೇಳಿದ್ದೆ ನಿನ್ನ. ಕೊಟ್ಯಾ? ಗೋಡೆಗೆ ಹಾಕಿ ಪೂಜೆ ಮಾಡ್ಲಾ ಇದನ್ನ?"

ಅವನ ಮೇಲೆ ಉಕ್ಕಿದ ನೇಡೀನ್‌ಳ ಸಿಟ್ಟು ಅವಳತ್ತಲೇ ತಿರುಗಿತು. ಕೊರೆದವನು ಯಾರೋ, ಕೊರೆಸಿದವನು ಇವನು. ಆದರೆ ಕೊರೆಸುವ ಹಾಗೆ ಮಾಡಿದವಳು ತಾನೇ.

"ಬೇಜಾರು ಮಾಡ್ಕೋಬೇಡ," ರಸೆಲ್ ಮೆತ್ತಗಾದ. "ಡಬ್ಬಿ ಇಲ್ಲೇ ಬಿಟ್ಟು ಹೋಗು. ನಮ್ಮವಳು ತೋಟಾ ಪೋಣಿಸಿ ಗಾಳಿಗಂಟೆ ಮಾಡ್ತಾಳೆ, ಅಪ್ಪನ ನೆನಪಿಗೆ. ಈಗ ಬಾ, ನಿನ್ನಾಸೆ ತೀರಿಸ್ಕೊ."

ಹಿತ್ತಲ ದಿಬ್ಬದ ಬುಡದಲ್ಲಿ ಅವನೊಂದು ಕಾಫಿ ಡಬ್ಬಿ ನಿಲ್ಲಿಸಿ ಬಂದ. ನೇಡೀನ್ ಅಂಗಡಿಯ ಗುಂಡು ತುಂಬಿ, ಉಸಿರು ಹಿಡಿದು ಕೋವಿಯ ಕುದುರೆ ಎಳೆದಳು. ಕಾಫಿ ಡಬ್ಬಿ ನಡುವಿಗೇ ತೂತುಬಿದ್ದು ಹಾರಿತು. ಹೊರಬಿದ್ದ ಬಿಸಿ ತೋಟಾವನ್ನು ಎತ್ತಿಕೊಂಡಳು. ಹೊಚ್ಚ ಹೊಸದು, ಅಪ್ಪನ ಅಳತೆಯದ್ದಲ್ಲ, ಯಾರದ್ದು ಬೇಕಾದರೂ ಆಗಬಹುದಾಗಿತ್ತು.

"ಅಬ್ಬಾ!" ರಸೆಲ್ ನಿಜಕ್ಕೂ ಬೆರಗಾಗಿದ್ದ. "ನನಗಿಂತ ಚೆನ್ನಾಗಿ ಹೊಡೀತೀಯಲ್ಲೇ! ಅಪ್ಪ ನಿನ್ನ ಯಾಕೆ ಬೆಟ್ಟಕ್ಕೆ ಕರ್ಕೊಂಡು ಹೋಗ್ತಿರಲಿಲ್ಲ?"

ನೇಡೀನ್ ಕೋವಿಯನ್ನು ಅವನ ಕೈಗಿತ್ತಳು.

"ನೀನಿದ್ದೆಯಲ್ಲ," ಎಂದಳು. ಹಿತ್ತಾಳೆಯ ಡಬ್ಬಿಯನ್ನು ಕಂಕುಳಿಗೇರಿಸಿಕೊಂಡು ಪಿಕಪ್ಪಿನತ್ತ ನಡೆದಳು.