ಹೆಬ್ಬೆರಳು ಒತ್ತಿದ ಜಾಗ

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಆ ಅಪರಿಚಿತರು ಯಾರನ್ನೂ ಮಾತನಾಡಿಸದೆ ಹೆಣದ ಪಕ್ಕ ಕೂತು, ಅಪ್ಪನ ಎಡಗೈ ಎತ್ತಿಕೊಂಡು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡತೊಡಗಿದರು. ಕಿರುಬೆರಳು, ಉಂಗುರಬೆರಳು, ನಡುಬೆರಳು. ಅವರ ಕೈ ಗಡಗಡ ನಡುಗುತ್ತಿತ್ತು. ಅದು ದುಃಖಕ್ಕೋ ಕಾಯಿಲೆಗೋ ಮಗಳಿಗೆ ತಿಳಿಯಲಿಲ್ಲ.

"ಏನ್ ಮಾಡ್ತಿದ್ದೀರಿ?" ಎಂದಳು.

"ಮೊದಲನೇ ದಿನ ಇವರು ನನ್ನ ಬೆರಳನ್ನ ಹೀಗೇ ಒತ್ತಿ ನೋಡಿದ್ರು, ತಾಯಿ. ಯಾವುದರಲ್ಲಿ ಎಷ್ಟು ಕಸುವಿದೆ ಅಂತ." ಅವರು ಕೈಯನ್ನು ಮೆತ್ತಗೆ ಕೆಳಗಿಟ್ಟರು. "ನಾನು ದಸ್ತಾವೇಜು ಬರೆಯೋನು. ಕೈನಡುಕ ಶುರುವಾದ್ಮೇಲೆ ಒಂದಕ್ಷರ ಒತ್ತೋಕೆ ಹೋದ್ರೆ ಮೂರು ಬೀಳ್ತಿತ್ತು. ಒಬ್ಬರ ಮೂವತ್ತಡಿ ಸೈಟನ್ನ ಮುನ್ನೂರಡಿ ಮಾಡಿಬಿಟ್ಟಿದ್ದೆ. ಇವರು ಗುಂಡಿಗಳ ಮೇಲೆ ತೂತಿನ ತಗಡು ಕೂರಿಸಿಕೊಟ್ರು. ಬೆರಳು ತೂತಿಗೆ ಇಳಿದ್ರೆ ತಾನೇ ಅಕ್ಷರ!"

ಮಗಳು ತಲೆಯಾಡಿಸಿದಳು. ಬೆಳಗಿನಿಂದ ಆಡಿಸುತ್ತಲೇ ಇದ್ದಳು. ಅವಳಿಗೆ ಗೊತ್ತಿದ್ದ ಅಪ್ಪನಿಗೆ ಎರಡು ರಸ್ತೆ ಆಚೆ, ಒಂದು ಮಹಡಿ ಮೆಟ್ಟಿಲ ಕೆಳಗೆ, ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಅಂಗಡಿಯಿತ್ತು. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರಿನ ಕೀಲಿಮಣೆ ರಿಪೇರಿ. ಬೀದಿಯವರ ಬಾಯಲ್ಲಿ ಕೀಲಿಮಾಮ. ಕಿತ್ತುಹೋದ ಗುಂಡಿ ಕೂರಿಸುವುದು, ಚೆಲ್ಲಿದ ಟೀ ಒರೆಸುವುದು ಅವರ ಕೆಲಸವೆಂದೇ ಅವಳು ತಿಳಿದಿದ್ದಳು. ಈಗ ನೋಡಿದರೆ ನಡುಮನೆಯ ತುಂಬ ಅವಳು ಕಂಡರಿಯದ ಜನ. ಒಬ್ಬರ ಬೆರಳುಗಳು ಶುಂಠಿಯ ಹಾಗೆ ಸೊಟ್ಟಗಿದ್ದವು. ಇನ್ನೊಬ್ಬರಿಗೆ ಮೂರೇ ಬೆರಳು. ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಒಂದು ಬಿಳಿಗೂ ಇನ್ನೊಂದು ಬಿಳಿಗೂ ಇರುವ ವ್ಯತ್ಯಾಸ ಹೇಳಿ ಸಂಬಳ ಪಡೆಯುವವಳು ಅವಳು. ಈ ಜನರನ್ನು ಯಾವ ಡಬ್ಬಕ್ಕೆ ಹಾಕಬೇಕೆಂದೇ ಹೊಳೆಯುತ್ತಿರಲಿಲ್ಲ.

"ಪುಟ್ಟೀ," ಎಂದು ಚಿಕ್ಕಪ್ಪ ಕೂಗಿದರು. ಬಸ್ ಡಿಪೋದಲ್ಲಿ ಸಮಯಪಾಲಕರಾಗಿ ನಿವೃತ್ತರಾದವರು, ಅಣ್ಣನ ಸಾವನ್ನೂ ವೇಳಾಪಟ್ಟಿಗೆ ಕೂರಿಸಿದ್ದರು. "ಹನ್ನೆರಡೂವರೆಗೆ ಚಿತಾಗಾರ. ಹನ್ನೆರಡಕ್ಕೆ ಗಾಡಿ ಬಿಡಬೇಕು. ತಪ್ಪಿದ್ರೆ ಸಂಜೆ ನಾಲ್ಕಕ್ಕೇ. ಆಸ್ಪತ್ರೆ ಕಾಗದ ಎಲ್ಲಿ?"

"ಕಪಾಟಿನ ಮೇಲೆ, ನೀಲಿ ಫೈಲು," ಎಂದ ಮೇಲೆ ಅವಳಿಗೆ ನೆನಪಾಯಿತು. ಆ ಫೈಲಿನಲ್ಲಿ ಕೇವಲ ಆಸ್ಪತ್ರೆ ಕಾಗದಗಳಿರಲಿಲ್ಲ.

*

ಹದಿನಾಲ್ಕು ದಿನಗಳ ಹಿಂದೆ ಅಪ್ಪನ ಬಲಭಾಗ ಬಿದ್ದುಹೋಗಿತ್ತು. ಮಾತೂ ನಿಂತಿತ್ತು. ಎಡಗೈ ಮಾತ್ರ ಆಡುತ್ತಿತ್ತು. ಎರಡನೆಯ ದಿನ ಅವಳು ಅಂಗಡಿಯ ಬೀಗ ತೆಗೆದು, ಕಪಾಟಿನಲ್ಲಿದ್ದ ಒಂದು ಕೀಲಿಮಣೆ ತಂದು ಅಪ್ಪನ ಹೊಟ್ಟೆಯ ಮೇಲಿಟ್ಟಳು. ತಂತಿಯ ಇನ್ನೊಂದು ತುದಿಯನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಪರದೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಪ್ಪನ ಕಣ್ಣು ಬೆಳಗಿತು. ಎಡಗೈ ಸರಸರ ಓಡಿತು.

ಅಕ್ಷರ ಬಂದವು, ಮಾತು ಬರಲಿಲ್ಲ. ಒಂದು ಬ. ಆಮೇಲೆ ಉದ್ದ ಖಾಲಿ. ಏರ. ಮತ್ತೆ ಖಾಲಿ. ಒಂದು ರ. ಅಪ್ಪ ಅದನ್ನೇ ಮತ್ತೆ ಮತ್ತೆ ಒತ್ತಿ, ಉತ್ತರಕ್ಕೆ ಕಾಯುವವರಂತೆ ಅವಳ ಮುಖ ನೋಡಿದರು.

"ಮಾತು ಹೋದವರಿಗೆ ಎಷ್ಟೋ ಸಲ ಬರಹಾನೂ ಹೋಗಿರುತ್ತಮ್ಮ," ಎಂದರು ಡಾಕ್ಟರು. "ನೋಡಿ, ನಡುನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ. ಯೋಚನೆ ಅಲ್ಲಲ್ಲೇ ಕಡಿದುಹೋಗ್ತಿದೆ."

ಅದು ಅವಳಿಗೂ ಸರಿಯೆನಿಸಿತು. ಆದರೂ ಮೂರು ದಿನಗಳದ್ದನ್ನೂ ಮೂರು ಹಾಳೆಗಳಲ್ಲಿ ಅಚ್ಚು ಹಾಕಿಸಿಟ್ಟಳು. ಪ್ರಯೋಗಾಲಯದಲ್ಲಿ ಕೆಟ್ಟ ಫಲಿತಾಂಶವನ್ನೂ ಎಸೆಯುವ ಹಾಗಿಲ್ಲ, ಆ ಅಭ್ಯಾಸ.

ಐದನೆಯ ದಿನ ಅಪ್ಪ ಗುಂಡಿಗಳನ್ನು ಒತ್ತುತ್ತಿರಲಿಲ್ಲ, ಗುದ್ದುತ್ತಿದ್ದರು. ಹಣೆಯಲ್ಲಿ ಬೆವರು. ಹಾಸಿಗೆಯ ಪಕ್ಕದ ಯಂತ್ರ ಕೀಚಲಿಟ್ಟಿತು. ಅಪ್ಪ ಕೈ ಚಾಚಿದರು. ಹಿಡಿದುಕೊಳ್ಳಲಿ ಎಂದಿರಬೇಕೆಂದು ಅವಳು ಹಿಡಿದಳು. ಕೊಸರಿಕೊಂಡು, ಮತ್ತೆ ಅವಳಾಚೆಗೆ ಚಾಚಿದರು. "ಸಾಕಪ್ಪ, ಸುಸ್ತಾಗುತ್ತೆ," ಎಂದು ಅವಳು ಕೀಲಿಮಣೆ ಎತ್ತಿ ಚೀಲಕ್ಕೆ ಹಾಕಿಕೊಂಡಳು. ನರ್ಸ್ ಬಂದು ನಿದ್ದೆಯ ಸೂಜಿ ಚುಚ್ಚಿದರು. ಅದಾದ ಮೇಲೂ ಒಂಬತ್ತು ದಿನ ಎಡಗೈಯ ಬೆರಳುಗಳು ಹೊದಿಕೆಯ ಮೇಲೆ ಆಡುತ್ತಲೇ ಇದ್ದವು. ಅವಳು ಕೈಯನ್ನು ಹೊದಿಕೆಯೊಳಗೆ ಸೇರಿಸುತ್ತಲೇ ಇದ್ದಳು.

ಈಗ ಅವಳಿಗೆ ಬೇಕಿದ್ದದ್ದು ಒಂದೇ. ಆ ಹಾಳೆಗಳಲ್ಲಿ ಏನೂ ಇರಬಾರದು. ಇಲ್ಲದಿದ್ದರೆ ತಾನು ಒಬ್ಬ ಭ್ರಮಿತರನ್ನು ಸುಮ್ಮನಿರಿಸಿದವಳು. ಇದ್ದರೆ, ತಾನು ಏನು ಮಾಡಿದವಳು?

*

ಚಿಕ್ಕಪ್ಪ ಫೈಲನ್ನು ಅವಸರದಲ್ಲಿ ಎಳೆದರು. ಕಾಗದಗಳೆಲ್ಲ ನೆಲಕ್ಕೆ ಚೆಲ್ಲಿದವು. ಗೋಡೆಗೊರಗಿ ಕೂತಿದ್ದ ಹೆಂಗಸೊಬ್ಬರು ಕೈಗೆ ಸಿಕ್ಕಿದ್ದನ್ನು ಎತ್ತಿ ಕೊಡಹೋದವರು ಹಾಗೇ ನಿಂತುಬಿಟ್ಟರು. ಅವರ ಬಲತೋಳು ಮೊಣಕೈಗಿಂತ ಮೇಲೇ ಮುಗಿದಿತ್ತು. ತಾನು ಅಚ್ಚುಕೂಟದಲ್ಲಿ ಪ್ರೂಫ್ ನೋಡುವವಳೆಂದು, ತೋಳು ಹೋದದ್ದು ಅಲ್ಲಿನ ಕಾಗದ ಕತ್ತರಿಸುವ ಯಂತ್ರಕ್ಕೆಂದು, ಬಂದಾಗಲೇ ಹೇಳಿಕೊಂಡಿದ್ದರು.

"ಇದನ್ನ ಯಾರು ಬರೆದಿದ್ದು?"

"ಅಪ್ಪ. ಕೊನೇಲಿ. ಅದರಲ್ಲಿ ಅರ್ಥ ಇಲ್ಲ, ಕೊಡಿ," ಎಂದಳು ಮಗಳು.

"ಅರ್ಥ ಇಲ್ವಾ?" ಅವರು ಕೊಡಲಿಲ್ಲ. "ಒಂದೇ ಕೈಲಿ ಒತ್ತಿದ್ರಾ?"

"ಇನ್ನೊಂದು ಕೈ ಬಿದ್ದುಹೋಗಿತ್ತು."

"ಮತ್ತೆ ಅವರು ನನಗೆ ಮಾಡಿಕೊಟ್ಟ ಕೀಬೋರ್ಡಿನ ಹಾಗೇ ಒತ್ತಿದ್ದಾರಲ್ಲಮ್ಮಾ!"

ಚಿಕ್ಕಪ್ಪ ಗಡಿಯಾರ ನೋಡಿದರು. "ಹನ್ನೊಂದೂ ಇಪ್ಪತ್ತು."

"ಸುಮ್ನಿರಿ ಸ್ವಾಮಿ," ಎಂದರು ಪ್ರೂಫಿನಮ್ಮ.

*

ಮಗಳಿಗೆ ಹನ್ನೆರಡು ವರ್ಷವಿದ್ದಾಗ ಅಪ್ಪ ಒಂದು ತಿಂಗಳು ಮನೆಯಲ್ಲಿ ಬಲಗೈಯನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದ್ದರು. ಎಡಗೈಯಲ್ಲಿ ಉಂಡರು, ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಂಡರು, ಸಂಜೆಯೆಲ್ಲ ಎಡಗೈಯೊಂದರಲ್ಲೇ ಟಕಟಕ ಕುಟ್ಟುತ್ತ ಕೂತರು.

"ಅಪ್ಪ, ಹುಚ್ಚು ಹಿಡಿದಿದ್ಯಾ? ನನ್ನ ಗೆಳತಿಯರು ಬರ್ತಾರೆ, ಬಿಚ್ಚು ಅದನ್ನ."

"ಕೊಡೋಕೆ ಮುಂಚೆ ನನ್ನ ಕೈಗೆ ಬರಬೇಕು, ಪುಟ್ಟಿ. ನನ್ನ ಕೈಗೇ ಬಾರದ್ದನ್ನ ಇನ್ನೊಬ್ಬರ ಕೈಗೆ ಹೇಗೆ ಕೊಡ್ಲಿ?"

ಯಾರಿಗೆ ಎಂದು ಅವಳು ಕೇಳಲಿಲ್ಲ. ಗೆಳತಿಯರು ಬರುವ ಹೊತ್ತಿಗೆ ಅಡುಗೆಮನೆಗೆ ಹೋಗಿರು ಎಂದಳು. ಅಪ್ಪ ಹೋದರು.

*

ಪ್ರೂಫಿನಮ್ಮ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ತಮ್ಮ ಎಡಗೈ ಊರಿದರು. "ಕಣ್ಣಿಗೆ ಗೊತ್ತಾಗಲ್ಲ, ಬೆರಳಿಗೇ ಗೊತ್ತಾಗಬೇಕು, ತಡೀರಿ. ನನ್ನ ಕೀಬೋರ್ಡಲ್ಲಿ ಎಡಗಡೆ ಅರ್ಧ ಮಾಮೂಲಿ. ಬಲಗಡೆ ಅಕ್ಷರ ಬೇಕಂದ್ರೆ ಹೆಬ್ಬೆರಳಲ್ಲಿ ಖಾಲಿ ಜಾಗದ ಪಟ್ಟಿ ಒತ್ತಿ ಹಿಡೀಬೇಕು. ಹಿಡಿದಿರೋಷ್ಟು ಹೊತ್ತೂ ಎಡಗಡೆ ಗುಂಡಿಗಳೇ ಬಲಗಡೆಯವಾಗ್ತವೆ. ಕನ್ನಡೀಲಿ ಕಂಡ ಹಾಗೆ, ತಿರುಗುಮುರುಗಾಗಿ. ಎಡಗೈ ತೋರುಬೆರಳಿನದ್ದು ಬಲಗೈ ತೋರುಬೆರಳಿನದ್ದಾಗುತ್ತೆ."

"ಆದ್ರೆ ನಾನು ಕೊಟ್ಟಿದ್ದು ಮಾಮೂಲಿ ಕೀಬೋರ್ಡು."

"ಅದಕ್ಕೇ ಹೆಬ್ಬೆರಳು ಹಿಡಿದಲ್ಲೆಲ್ಲ ಬರೀ ಖಾಲಿ ಜಾಗ ಬಿದ್ದಿದೆ."

ಮಗಳು ಕುರ್ಚಿ ಎಳೆದುಕೊಂಡು ಕೂತಳು. ಯೋಚನೆ ಕಡಿದುಹೋದ ಜಾಗಗಳು! ಅವುಗಳನ್ನು ಅವಳು ಸೆಂಟಿಮೀಟರಿನಲ್ಲಿ ಅಳೆದೂ ನೋಡಿದ್ದಳು.

"ಅವರಿಗೆ ಗೊತ್ತಾಗ್ಲಿಲ್ವಾ, ಅದು ಮಾಮೂಲೀದು ಅಂತ? ಮೂವತ್ತು ವರ್ಷ ಅದೇ ಕೆಲಸ ಮಾಡಿದೋರಿಗೆ?"

"ಎಲ್ಲಿಂದ ತಂದ್ರಿ?"

"ಅಂಗಡಿಯಿಂದ."

"ಅಯ್ಯೋ. ನನ್ನದೂ ಹೊರಗಿನಿಂದ ನೋಡೋಕೆ ಮಾಮೂಲಿಯೇ ಕಣಮ್ಮ. ಅವರು ಬದಲಾಯಿಸೋದು ಒಳಗೆ. ಮಗಳು ಹುಡುಕಿ ಸರಿಯಾದ್ದನ್ನೇ ತಂದಿದ್ದಾಳೆ ಅಂದುಕೊಂಡಿರ್ತಾರೆ. ಪರದೆ ಅವರಿಗೆ ಕಾಣ್ತಿತ್ತಾ?"

"ನನ್ನ ಕಡೆ ಇತ್ತು."

ಪ್ರೂಫಿನಮ್ಮ ಹಾಳೆಯ ಮೇಲೆ ಬೆರಳಿಟ್ಟರು. "ಇಲ್ಲಿ ಖಾಲಿ, ಆಮೇಲೆ ಬ. ಬ-ಕ್ಕೆ ಕನ್ನಡಿ ನ. ಮತ್ತೆ ಖಾಲಿ, ಏ. ಅದಕ್ಕೆ ಕನ್ನಡಿ ಈ. ನ-ಗೆ ಈ ಸೇರಿದ್ರೆ ನೀ. ಆಮೇಲೆ ಖಾಲಿ ಇಲ್ಲದ ರ. ಅದು ರ-ವೇ. ಕೊನೇಗೆ ಖಾಲಿ, ರ. ಅಲ್ಲಿ ಉ."

ನಡುಗುವ ಕೈಯವರು ಅವರಿಗಿಂತ ಮೊದಲೇ ಕೂಡಿಸಿದರು. "ನೀರು!"

"ನೀರಾ? ಕುಡಿಸಿದ್ದೆ," ಎಂದಳು ಮಗಳು. ಧ್ವನಿ ಏರಿತ್ತು. "ಚಮಚದಲ್ಲಿ, ಗಂಟೆಗೊಂದು ಸಲ. ಬರೆದೂ ಇಟ್ಟಿದ್ದೀನಿ."

"ಅವರಿಗಲ್ಲ, ಇರಿ." ಪ್ರೂಫಿನಮ್ಮನ ಬೆರಳುಗಳು ಮೇಜಿನ ಮೇಲೆ ಒತ್ತುತ್ತ, ತುಟಿಗಳು ಕೂಡಿಸುತ್ತ ಸಾಗಿದವು. ನಡುಮನೆಯಲ್ಲಿದ್ದವರೆಲ್ಲ ಹೆಣವನ್ನು ಬಿಟ್ಟು ಮೇಜಿನ ಸುತ್ತ ಬಂದಿದ್ದರು. ಕೊನೆಗೆ ಅವರು ಕೂಡಿಸಿದ್ದನ್ನು ಒಂದೇ ಉಸಿರಿಗೆ ಓದಿದರು. "'ಪಕ್ಕದವರ ನೀರು ನನ್ನ ಕಡೆ ಇಡು. ಆ ಕಡೆ ಇಟ್ಟದ್ದು ಅವರಿಗೆ ಕಾಣಲ್ಲ. ತಟ್ಟೇಲೂ ಆ ಕಡೆ ಅರ್ಧ ಬಿಡ್ತಾರೆ. ಹಠ ಅಲ್ಲ.' ಅಷ್ಟೇ. ಇದೇ ನಾಲ್ಕು ಸಲ ಇದೆ."

"ಇನ್ನೊಂದು ಹಾಳೆ?"

"ಅದರಲ್ಲೂ ಅದೇ."

"ಮೂರನೇದು?"

"ಅದೇ ಕಣಮ್ಮ."

ಚಿಕ್ಕಪ್ಪ ಫಕ್ಕನೆ ನಕ್ಕುಬಿಟ್ಟರು, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಮ್ಮಣ್ಣ! ಸಾಯೋ ಹೊತ್ತಲ್ಲೂ ಪಕ್ಕದವರ ರಿಪೇರಿ."

ಮಗಳಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಯಾರಿದ್ದರು? ಯಾರೋ ಮುದುಕರಿದ್ದರು. ಮುಖ ನೆನಪಿಗೆ ಬರಲಿಲ್ಲ. ಪಾರ್ಶ್ವವಾಯು ಬಡಿದ ಕೆಲವರಿಗೆ ಕಣ್ಣು ಸರಿಯಿದ್ದರೂ ಒಂದು ಬದಿಯ ಲೋಕವೇ ಇಲ್ಲವಾಗುತ್ತದೆಂದು ಅವಳು ಎಲ್ಲೋ ಓದಿದ್ದಳು. ಅಪ್ಪ ಓದಿರಲಾರರು. ಅವರು ಸುಮ್ಮನೆ ನೋಡಿದ್ದರು.

"ನನಗೆ ಅಂತ ಏನೂ ಇಲ್ವಾ?" ಎಂದಳು. ಕೇಳಿದ ಮೇಲೆ ನಾಚಿಕೆಯಾಯಿತು.

ಪ್ರೂಫಿನಮ್ಮ ಹಾಳೆಗಳನ್ನು ಜೋಡಿಸಿ ಅವಳ ಮುಂದಿಟ್ಟರು. "ನಿಮಗೇ ಅಲ್ವೇನಮ್ಮ ಬರೆದಿದ್ದು? ಇಡು ಅಂದಿದ್ದು ಇನ್ಯಾರಿಗೆ?"

*

ಹನ್ನೆರಡು ಹೊಡೆಯಲು ಎರಡು ನಿಮಿಷವಿದ್ದಾಗ ಗಾಡಿ ಹೊರಟಿತು. ಮೊದಲ ತಿರುವಿನಲ್ಲಿ ಮಗಳು ಡ್ರೈವರನ ಹಿಂದಿನ ಕಿಟಕಿಗೆ ಬಾಗಿ, "ಆಸ್ಪತ್ರೆ ಕಡೆಯಿಂದ ಹೋಗಿ. ಅಲ್ಲಿ ಒಂದು ನಿಮಿಷ ನಿಲ್ಲಿಸಬೇಕು," ಎಂದಳು.

ಡ್ರೈವರ್ ಕನ್ನಡಿಯಲ್ಲಿ ಅವಳನ್ನೇ ನೋಡಿದ. "ಅಕ್ಕಾ, ಇಪ್ಪತ್ತು ವರ್ಷ ಆಯ್ತು ಈ ಗಾಡಿ ಹಿಡಿದು. ಇಲ್ಲಿಂದ ಆಸ್ಪತ್ರೆಗೆ ಬಿಡಿ ಅಂದೋರು ನೀವೇ ಮೊದಲು."

"ಪುಟ್ಟೀ, ತಲೆಗಿಲೆ ಕೆಟ್ಟಿದ್ಯಾ?" ಎಂದರು ಚಿಕ್ಕಪ್ಪ. "ಅಲ್ಲಿಂದ ತಾನೇ ತಂದಿದ್ದು! ಹನ್ನೆರಡೂವರೆ ತಪ್ಪಿದ್ರೆ…"

"ಅಪ್ಪ ಕೇಳಿ ಒಂಬತ್ತು ದಿನ ಆಗಿದೆ ಚಿಕ್ಕಪ್ಪ. ಪಕ್ಕದ ಹಾಸಿಗೆಯವರು ಇದ್ದಾರೋ ಇಲ್ವೋ ಅದೂ ಗೊತ್ತಿಲ್ಲ."

ಚಿಕ್ಕಪ್ಪ ಅಣ್ಣನ ಮುಚ್ಚಿದ ಮುಖದ ಕಡೆ ನೋಡಿದರು. ಆಮೇಲೆ ಗಡಿಯಾರ. "ಆರು ನಿಮಿಷ ಕೊಡ್ತೀನಿ. ಏಳಾಗಬಾರದು."

ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ವಾರ್ಡಿನ ಬಾಗಿಲಲ್ಲಿ ನರ್ಸ್ ಗುರುತು ಹಿಡಿದು, "ಏನಾದ್ರೂ ಬಿಟ್ಟು ಹೋಗಿದ್ರಾ?" ಎಂದರು. ಅವಳು ಒಳಗೆ ನಡೆದಳು.

ಅಪ್ಪನ ಹಾಸಿಗೆ ಹೊಸ ಬಿಳಿ ಹೊದಿಕೆ ಹೊದ್ದು ಖಾಲಿಯಿತ್ತು. ಅದರಾಚೆಯ ಹಾಸಿಗೆಯಲ್ಲಿ ಮುದುಕರಿದ್ದರು. ದಿಂಬಿಗೆ ಒರಗಿಸಿ ಕೂರಿಸಿದ್ದರು. ತುಟಿ ಒಣಗಿ ಬಿರಿದಿತ್ತು. ತೋಳಿಗೆ ಸಲೈನಿನ ನಳಿಕೆ. ಅವರ ಎಡಬದಿಯ ಪುಟ್ಟ ಮೇಜಿನ ಮೇಲೆ ನೀರಿನ ಲೋಟ ತುಂಬಿತ್ತು. ತೊಡೆಯ ಮೇಲಿನ ತಟ್ಟೆಯಲ್ಲಿ ಅನ್ನ, ಚಾಕುವಿನಿಂದ ಗೆರೆ ಎಳೆದಂತೆ ಅರ್ಧ ಮಾತ್ರ ಮುಗಿದಿತ್ತು.

"ಅವರು ನೀರೇ ಮುಟ್ಟಲ್ಲಮ್ಮ," ಎಂದರು ಹಿಂದೆ ಬಂದ ನರ್ಸ್. "ಕುಡಿಸೋಕೆ ಹೋದ್ರೆ ಬೆಚ್ಚಿಬಿದ್ದು ತಳ್ತಾರೆ. ತುಂಬ ಹಠ."

ಮಗಳು ಮೇಜನ್ನು ಎತ್ತಿದಳು. ಲೋಟ ತುಳುಕಿ ಅವಳ ಅಂಗೈ ಒದ್ದೆಯಾಯಿತು. ಹಾಸಿಗೆಯ ಕಾಲ ಕಡೆಯಿಂದ ಸುತ್ತಿಕೊಂಡು ಬಂದು, ಎರಡು ಹಾಸಿಗೆಗಳ ನಡುವಿನ ಇಕ್ಕಟ್ಟಿನಲ್ಲಿ, ಅಪ್ಪನ ಕಡೆ ಅದನ್ನು ಇಟ್ಟಳು.

ಮುದುಕರ ಕಣ್ಣು ಎಲ್ಲೆಲ್ಲೋ ಅಲೆದು ಬಂದು ಲೋಟದ ಮೇಲೆ ನಿಂತಿತು. ಅದು ಈಗಷ್ಟೇ ಗಾಳಿಯಿಂದ ಉದುರಿ ಬಿತ್ತೇನೋ ಎಂಬಂತೆ ಅವರು ಅದನ್ನೇ ನೋಡಿದರು. ಬಲಗೈ ಹೊದಿಕೆಯಿಂದ ಮೆಲ್ಲಗೆ ಹೊರಬಂತು. ನರ್ಸ್ ಒಂದು ಹೆಜ್ಜೆ ಮುಂದಿಟ್ಟವರು ಅಲ್ಲೇ ನಿಂತರು.

ಕೆಳಗೆ ಗಾಡಿಯ ಹಾರ್ನು ಎರಡು ಸಲ ಕೂಗಿತು. ಮುದುಕರು ಗಂಟಲು ಮೇಲೆ ಕೆಳಗೆ ಆಡುವಂತೆ, ಒಂದು ಹನಿಯೂ ಚೆಲ್ಲದೆ ಕುಡಿದರು. ಕುಡಿದು, ಅವಳು ಯಾರೆಂದು ಕೇಳದೆ, ಖಾಲಿ ಲೋಟವನ್ನು ಇನ್ನಷ್ಟು ಬೇಕೆಂದು ಅವಳತ್ತ ಚಾಚಿದರು.